ಥರ್ಡ್ ಪರ್ಸನ್ ಗೇಮ್: ಕ್ವೆಸ್ಟ್ 3ರಲ್ಲಿ ಯುಇವಿಆರ್ ಹಾಕಿ ಆಡೋದಾ, ಮಾನಿಟರೇ ಸಾಕಾ?

ಕಾಫಿತೋಟ_ಪಿಸಿ

ಸೆಟಪ್: ಕ್ವೆಸ್ಟ್ 3 (ಮೆಟಾದ ವಿಆರ್ ಹೆಡ್‌ಸೆಟ್), ಆರ್‌ಟಿಎಕ್ಸ್ 4070 (12 ಜಿಬಿ), ರೈಜನ್ 5 7600, 27 ಇಂಚಿನ 1440ಪಿ ಮಾನಿಟರ್, ಎಕ್ಸ್‌ಬಾಕ್ಸ್ ಪ್ಯಾಡ್. ಪಿಸಿಯ ಚಿತ್ರವನ್ನ ಹೆಡ್‌ಸೆಟ್‌ಗೆ ಕಳಿಸೋ ವರ್ಚುವಲ್ ಡೆಸ್ಕ್‌ಟಾಪ್ ಆಪ್ ಇದೆ. ಪಿಸಿಯಿಂದ ರೂಟರ್‌ಗೆ ಕೇಬಲ್, ಹೆಡ್‌ಸೆಟ್‌ಗೆ 5 ಗಿಗಾಹರ್ಟ್ಸ್ ವೈಫೈ.

ಆಡಬೇಕು ಅಂತಿರೋದು ಸ್ಟ್ರೇ (ಬೆಕ್ಕಾಗಿ ಆಡೋ ಗೇಮ್), ಹಾಗ್ವರ್ಟ್ಸ್ ಲೆಗಸಿ, ಲೈಸ್ ಆಫ್ ಪಿ. ಮೂರೂ ಅನ್‌ರಿಯಲ್ ಎಂಜಿನ್ 4, ಹಾಗಾಗಿ ಅನ್‌ರಿಯಲ್ ಗೇಮ್‌ಗಳನ್ನ ವಿಆರ್‌ಗೆ ತಿರುಗಿಸೋ ಯುಇವಿಆರ್ ಮಾಡ್ ಕೆಲಸ ಮಾಡುತ್ತೆ ಅನ್ನೋದು ಗೊತ್ತು. ಪ್ರಶ್ನೆ ಬೇರೆ. ಫಸ್ಟ್ ಪರ್ಸನ್ ಆದ್ರೆ ವಿಆರ್ ಯಾಕೆ ಅಂತ ಯಾರೂ ಕೇಳಲ್ಲ. ಆದ್ರೆ ಪಾತ್ರದ ಬೆನ್ನು ನೋಡ್ಕೊಂಡು ಆಡೋ ಗೇಮ್‌ನಲ್ಲಿ ಹೆಡ್‌ಸೆಟ್‌ನಿಂದ ಏನು ಸಿಗುತ್ತೆ, ಏನು ಕಳ್ಕೊತೀವಿ? ಈ ಮೂರರಲ್ಲಿ ಯಾವುದಕ್ಕೆ ಶ್ರಮ ಪಡಬಹುದು? ಅಥವಾ ಸುಮ್ನೆ ಹೆಡ್‌ಸೆಟ್ ಒಳಗೆ ದೊಡ್ಡ ವರ್ಚುವಲ್ ಪರದೆ ಹಾಕಿ ಆಡಿದ್ರೆ ಅರ್ಧ ಮಜಾ ಆದ್ರೂ ಬರುತ್ತಾ?

---

ಸ್ಟೀರಿಯೋ_ಶಾನುಭೋಗ

ಲಾಭ ಇರೋದು ನೀವು ಹೇಳಿದ ಆ ಬೆನ್ನಿನ ಹತ್ತಿರಾನೇ. ಕಣ್ಣುಗಳ ನಡುವಿನ ಅಂತರ ಸುಮಾರು 63 ಮಿ.ಮೀ. ಎದುರಿಗೆ 3 ಮೀಟರ್ ದೂರದ ವಸ್ತುವಿನ ಮೇಲೆ ಎರಡೂ ಕಣ್ಣಿನ ನೋಟ ಕೂಡುವ ಕೋನ 1.2 ಡಿಗ್ರಿ, 30 ಮೀಟರ್ ಆಚೆ ಇದ್ದರೆ ಬರೀ 0.12. ಅಂದರೆ ದೂರದ ಬೆಟ್ಟ, ಕೋಟೆ ಎಲ್ಲ ಹೆಡ್‌ಸೆಟ್‌ನಲ್ಲೂ ಹೆಚ್ಚುಕಡಿಮೆ ಚಪ್ಪಟೆ. ಪಾತ್ರ ಮತ್ತು ಅದರ ಸುತ್ತಿನ ನಾಲ್ಕೈದು ಮೀಟರ್ ಮಾತ್ರ ನಿಜವಾಗಿ ಉಬ್ಬಿ ನಿಲ್ಲುತ್ತೆ, ಥರ್ಡ್ ಪರ್ಸನ್ ಆಟ ನಡೆಯೋದೂ ಅಷ್ಟರೊಳಗೇ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರುವಾಗ ಮಾನಿಟರ್‌ನಲ್ಲಿ ನೆರಳು ನೋಡಿ ದೂರ ಅಂದಾಜು ಮಾಡ್ತೀವಿ. ಇಲ್ಲಿ ಅಂದಾಜೇ ಬೇಡ, ಕಣ್ಣಿಗೆ ಕಾಣುತ್ತೆ. ತಲೆ ಸ್ವಲ್ಪ ಪಕ್ಕಕ್ಕೆ ಬಾಗಿಸಿದರೆ ಗೋಡೆಯ ಮೂಲೆ ಆಚೆ ಇಣುಕಬಹುದು. ಇದು ಯಾವ ಮಾನಿಟರ್‌ಗೂ ಬರಲ್ಲ.

ನಷ್ಟ ಇರೋದು ಬಲಗಡೆ ಸ್ಟಿಕ್‌ನಲ್ಲಿ. ಫಸ್ಟ್ ಪರ್ಸನ್‌ನಲ್ಲಿ ಸ್ಟಿಕ್ ತಿರುಗಿಸಿದರೆ ನೋಟ ನಿಮ್ಮ ತಲೆಯನ್ನೇ ಅಕ್ಷವಾಗಿಟ್ಟು ತಿರುಗುತ್ತೆ. ಥರ್ಡ್ ಪರ್ಸನ್‌ನಲ್ಲಿ ಅಕ್ಷ ಪಾತ್ರ. ನೀವು ಅದರ ಸುತ್ತ ಬೀಸಲ್ಪಡ್ತೀರಿ. ಕ್ಯಾಮೆರಾ 3 ಮೀಟರ್ ಹಿಂದೆ ಇದ್ದರೆ 90 ಡಿಗ್ರಿ ತಿರುಗಿಸೋದು ಅಂದರೆ ನಿಮ್ಮ ತಲೆ 4.7 ಮೀಟರ್ ಅಡ್ಡಕ್ಕೆ ಸರಿದ ಹಾಗೆ, ಅದೂ ಅರ್ಧ ಸೆಕೆಂಡ್‌ನಲ್ಲಿ. ಒಳಗಿವಿ ಮಾತ್ರ "ಕುರ್ಚಿ ಮೇಲೆ ಕೂತಿದ್ದೀನಿ" ಅಂತಲೇ ಹೇಳ್ತಿರುತ್ತೆ. ಫಸ್ಟ್ ಪರ್ಸನ್ ಆರಾಮಾಗಿ ಆಡೋರಿಗೂ ಇಲ್ಲಿ ತಲೆಸುತ್ತು ಬರೋದು ಇದಕ್ಕೇ. ತಿರುಗೋ ಕುರ್ಚಿ ಕೂಡ ಉಪಯೋಗಕ್ಕೆ ಬರಲ್ಲ: ನೀವು ಮೈ ತಿರುಗಿಸಿದರೆ ಪಾತ್ರ ಕಣ್ಣಿಂದ ಮರೆಯಾಗುತ್ತೆ ಅಷ್ಟೇ.

ಆದ್ದರಿಂದ ಗ್ರಾಫಿಕ್ಸ್ ನೋಡಿ ಗೇಮ್ ಆರಿಸಬೇಡಿ, ಕ್ಯಾಮೆರಾ ಯಾರ ಕೈಯಲ್ಲಿದೆ ನೋಡಿ. ಸ್ಟಿಕ್ ಮುಟ್ಟಿದಾಗ ಮಾತ್ರ ತಿರುಗೋ ಕ್ಯಾಮೆರಾ ಸರಿ. ಲಾಕ್-ಆನ್‌ಗೆ (ಒಬ್ಬ ಶತ್ರುವಿನ ಮೇಲೆ ನೋಟ ಕಟ್ಟಿಡೋದು) ತಾನಾಗೇ ತಿರುಗೋದು, ಏಟು ಬಿದ್ದಾಗ ಅಲುಗೋದು, ಹಿಂದೆ ಗೋಡೆ ಬಂದ್ರೆ ಪಾತ್ರದ ಕುತ್ತಿಗೆವರೆಗೂ ನುಗ್ಗೋದು ಹೆಡ್‌ಸೆಟ್‌ಗೆ ಆಗಲ್ಲ. ಈ ಲೆಕ್ಕದಲ್ಲಿ ನಿಮ್ಮ ಮೂರರಲ್ಲಿ ಸ್ಟ್ರೇ ಮೊದಲು, ಲೈಸ್ ಆಫ್ ಪಿ ಕೊನೆ. ಹಾಗ್ವರ್ಟ್ಸ್ ಮಧ್ಯೆ: ಅಂಗಳ, ದೊಡ್ಡ ಸಭಾಂಗಣ ಅದ್ಭುತ, ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಗೋಡೆ ತಪ್ಪಿಸೋಕೆ ಕ್ಯಾಮೆರಾ ಹಿಂದೆ-ಮುಂದೆ ಜಿಗಿಯುತ್ತೆ.

ಒಂದೇ ಆಟ ಎರಡು ರೀತಿ ಬಂದ ಉದಾಹರಣೆ ಬೇಕಿದ್ದರೆ ಗನ್‌ಫೈರ್ ಗೇಮ್ಸ್‌ನ ಕ್ರೋನೋಸ್ ನೋಡಿ. 2016ರಲ್ಲಿ ಆಕ್ಯುಲಸ್ ರಿಫ್ಟ್‌ಗೆ ಬಂದಾಗ ಪ್ರತಿ ಕೋಣೆಗೂ ಕ್ಯಾಮೆರಾ ಒಂದು ಮೂಲೆಯಲ್ಲಿ ಕದಲದೆ ನಿಂತಿರ್ತಿತ್ತು. 2020ರಲ್ಲಿ ಅದನ್ನೇ ಟಿವಿ-ಮಾನಿಟರ್‌ಗೆ ತಂದಾಗ ಬೆನ್ನ ಹಿಂದೆ ಬರೋ ಮಾಮೂಲಿ ಕ್ಯಾಮೆರಾ ಹಾಕಿದ್ರು. ಪರದೆಗೆ ಒಗ್ಗೋ ಕ್ಯಾಮೆರಾ ತಲೆಗೆ ಒಗ್ಗಲ್ಲ ಅನ್ನೋದು ಅವರಿಗೆ ಮೊದಲೇ ಗೊತ್ತಿತ್ತು.

---

ಹುಬ್ಬಳ್ಳಿ_90ಹರ್ಟ್ಸ್

ಶಾನುಭೋಗರು ಹೇಳಿದ್ದು ಖರೇ ಐತಿ. ನಾ ಬರೇ ಸೆಟಿಂಗ್ ಹೇಳ್ತೀನಿ ನೋಡ್ರಿ.

ಮೊದಲ ಒಂದ್ ಮಾತು: ಆಂಟಿ-ಚೀಟ್ ಇರೋ ಆನ್‌ಲೈನ್ ಗೇಮಿಗೆ ಯುಇವಿಆರ್ ಹಚ್ಚಬ್ಯಾಡ್ರಿ, ಅಕೌಂಟ್ ಹೋದೀತು. ನಿಮ್ಮ ಮೂರೂ ಸಿಂಗಲ್ ಪ್ಲೇಯರ್, ಚಿಂತಿ ಇಲ್ಲ. ಆಂಟಿವೈರಸ್ ಅದನ್ನ ಹಿಡಿದು ಅಳಿಸಿ ಹಾಕ್ತೈತಿ, ಆ ಫೋಲ್ಡರ್‌ಗೆ ವಿನಾಯ್ತಿ ಕೊಡ್ರಿ. ವಿಂಡೋಸ್ ಗ್ರಾಫಿಕ್ಸ್ ಸೆಟಿಂಗ್ಸ್‌ನಾಗ ಹಾರ್ಡ್‌ವೇರ್ ಆಕ್ಸಿಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಬಂದ್ ಮಾಡಿ ಪಿಸಿ ರೀಸ್ಟಾರ್ಟ್ ಮಾಡ್ರಿ. ಅದು ಆನ್ ಇದ್ರ ಫ್ರೇಮ್ ತಡವರಿಸೋದು ಜಾಸ್ತಿ.

ಆಮ್ಯಾಲ ವರ್ಚುವಲ್ ಡೆಸ್ಕ್‌ಟಾಪ್ ಕನೆಕ್ಟ್ ಮಾಡಿ, ಗೇಮ್ ಶುರು ಮಾಡಿ, ಗೇಮಿನೊಳಗಿನ ಮೋಷನ್ ಬ್ಲರ್, ಡೆಪ್ತ್ ಆಫ್ ಫೀಲ್ಡ್, ಫಿಲ್ಮ್ ಗ್ರೇನ್, ಕ್ರೊಮ್ಯಾಟಿಕ್ ಅಬರೇಶನ್, ಕ್ಯಾಮೆರಾ ಶೇಕ್ ಇದ್ದದ್ದೆಲ್ಲಾ ಆಫ್. ರೇ ಟ್ರೇಸಿಂಗ್ ಅಂತೂ ಮರೀರಿ. ಯುಇವಿಆರ್ ತೆಗೆದು ಪಟ್ಟಿಯೊಳಗ ಗೇಮ್ ಆರಿಸಿ, ಓಪನ್‌ಎಕ್ಸ್‌ಆರ್ ಟಿಕ್ ಮಾಡಿ, ಓಡ್ತಿರೋ ಗೇಮಿನೊಳಗ ಯುಇವಿಆರ್ ಸೇರಸೋ ಇಂಜೆಕ್ಟ್ ಬಟನ್ ಒತ್ರಿ. ಟೈಟಲ್ ಪರದೆ ಮ್ಯಾಲ ಕ್ರ್ಯಾಶ್ ಆದ್ರ ಸೇವ್ ಲೋಡ್ ಆಗಿ ಪಾತ್ರ ಕೈಗೆ ಬಂದ ಮ್ಯಾಲ ಇಂಜೆಕ್ಟ್ ಮಾಡ್ರಿ. ಮೆನು ತೆಗೀಲಿಕ್ಕೆ ಪ್ಯಾಡಿನ ಎರಡೂ ಸ್ಟಿಕ್ ಒಟ್ಟಿಗೆ ಒತ್ತಬೇಕು, ಇಲ್ಲಾ ಕೀಬೋರ್ಡಿನ ಇನ್ಸರ್ಟ್ ಕೀ.

ಮೆನುವಿನಾಗ ರೆಂಡರಿಂಗ್ ವಿಧಾನ ಮೊದಲ ನೇಟಿವ್ ಸ್ಟೀರಿಯೋ ಇಡ್ರಿ. ಒಂದು ಕಣ್ಣಿಗೆ ನೆರಳು ಕಾಣಿಸಿ ಇನ್ನೊಂದಕ್ಕೆ ಕಾಣಿಸ್ಲಿಲ್ಲ ಅಂದ್ರ ಮಾತ್ರ ಸಿಂಕ್ರನೈಸ್ಡ್ ಸೀಕ್ವೆನ್ಷಿಯಲ್‌ಗೆ ಹೋಗ್ರಿ. ಇದರಾಗ ಎಡಗಣ್ಣು, ಬಲಗಣ್ಣು ಒಂದಾದ ಮ್ಯಾಲ ಒಂದು ಬೇರೆ ಬೇರೆ ಫ್ರೇಮ್ ಆಗಿ ಬರ್ತಾವ, ಸಿಪಿಯು ಮ್ಯಾಲ ಭಾರ ಹೆಚ್ಚು. ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರಾನ ಹಿಗ್ಗಿಸಿ ತೋರ್ಸೋ ಎನ್‌ವಿಡಿಯಾ ತಂತ್ರ) ಹಾಕಿದ್ರ ಪಾತ್ರದ ಅಂಚಿಗೆ ದೆವ್ವದಂಗ ಬಾಲ ಬರ್ತೈತಿ. ಘೋಸ್ಟಿಂಗ್ ಫಿಕ್ಸ್ ಅಂತ ಒಂದು ಟಿಕ್ ಐತಿ, ಹಾಕಿ ನೋಡ್ರಿ. ಮೂರನೇ ವಿಧಾನ ಆಲ್ಟರ್ನೇಟಿಂಗ್, ಓಡೋ ಪಾತ್ರಕ್ಕ ಎರಡೆರಡು ಅಂಚು ಕಾಣಿಸ್ತಾವ, ಥರ್ಡ್ ಪರ್ಸನ್‌ಗೆ ಅದು ಬ್ಯಾಡ.

ಡಿಕಪಲ್ಡ್ ಪಿಚ್ ಆನ್ ಇರಲೇಬೇಕು. ಇಲ್ಲಾಂದ್ರ ಸ್ಟಿಕ್ ಮ್ಯಾಲ-ಕೆಳಗ ಮಾಡಿದಾಗ ನೆಲಾನೇ ವಾಲ್ತೈತಿ, ಹತ್ತ ನಿಮಿಷಕ್ಕ ಹೊಟ್ಟಿ ತೊಳಸ್ತೈತಿ. ಗೇಮಿನ ಸ್ಟಿಕ್ ಸೆನ್ಸಿಟಿವಿಟಿ ಅರ್ಧಕ್ಕ ಇಳಸ್ರಿ.

ಕೊನೀದು ಹರ್ಟ್ಸ್. ವರ್ಚುವಲ್ ಡೆಸ್ಕ್‌ಟಾಪಿನಾಗ 72 ಇಡ್ರಿ. ಒಂದು ಫ್ರೇಮಿಗೆ 13.9 ಮಿಲಿ ಸೆಕೆಂಡ್ ಸಿಗ್ತೈತಿ, 90ಕ್ಕ 11.1 ಅಷ್ಟ. ಸ್ಟ್ರೇಗೆ ನಿಮ್ಮ ಕಾರ್ಡ್ ಧಾರಾಳ ಸಾಕು, ಹಾಗ್ವರ್ಟ್ಸ್‌ಗೆ 72 ಮುಟ್ಟಾಕೂ ಸೆಟಿಂಗ್ ಇಳಸಬೇಕಾಕ್ಕೈತಿ. ಅದರಾಗಿನ ಎಸ್‌ಎಸ್‌ಡಬ್ಲ್ಯೂ (ಸಿಂಕ್ರೋನಸ್ ಸ್ಪೇಸ್‌ವಾರ್ಪ್) ಮಾತ್ರ ಆಫ್. ಇಲ್ಲದ ಫ್ರೇಮ್ ಊಹಿಸಿ ತುಂಬೋದು ಅದರ ಕೆಲಸ. ಪಾತ್ರ ಸದಾ ನಟ್ಟನಡುವೆ, ಹಿಂದಿನ ದೃಶ್ಯ ಸರೀತಿರ್ತೈತಿ. ಪಾತ್ರದ ಸುತ್ತ ನೀರೊಳಗ ನೋಡಿದಂಗ ಅಂಚು ಕುಣೀತೈತಿ.

---

ಕಾಫಿತೋಟ_ಪಿಸಿ

ಸ್ಟ್ರೇ ಇಂಜೆಕ್ಟ್ ಆಯ್ತು, 72 ಗಟ್ಟಿಯಾಗಿ ನಿಂತಿದೆ. ಎರಡು ತೊಂದರೆ: ಬೆಕ್ಕೂ ಬೀದಿಯೂ ಗೊಂಬೆಮನೆ ಥರ ಪುಟ್ಟದಾಗಿ ಕಾಣ್ತಿವೆ. ಇನ್ನೊಂದು, ಬಟನ್ ಸೂಚನೆಗಳನ್ನ ಓದೋಕೆ ಹೋದ್ರೆ ಕಣ್ಣು ಎಳೆದ ಹಾಗೆ ಆಗುತ್ತೆ, ಎರಡೆರಡಾಗಿ ಕಾಣುತ್ತೆ.

---

ಸ್ಟೀರಿಯೋ_ಶಾನುಭೋಗ

ಗೊಂಬೆಮನೆ ಆಗೋದು ವರ್ಲ್ಡ್ ಸ್ಕೇಲ್‌ನಿಂದ. ಗೇಮ್ ಒಳಗಿನ ಎರಡು ಕಣ್ಣಿನ ಕ್ಯಾಮೆರಾಗಳ ಅಂತರ ಇರಬೇಕಾದ್ದಕ್ಕಿಂತ ದೊಡ್ಡದಾದರೆ ನೀವು ದೈತ್ಯ, ಜಗತ್ತು ಪುಟಾಣಿ. ಸ್ಲೈಡರನ್ನ 0.1ರಂತೆ ಸರಿಸಿ, ಪ್ರತಿ ಸಲ ಬಾಗಿಲಿನ ಪಕ್ಕ ನಿಂತು ನೋಡಿ. ಬೆಕ್ಕನ್ನ ಅಳತೆಗೆ ಇಟ್ಕೋಬೇಡಿ, ಪ್ರಾಣಿ ಗಾತ್ರವನ್ನ ಮೆದುಳು ಸುಲಭವಾಗಿ ಒಪ್ಪಿಬಿಡುತ್ತೆ. ಬಾಗಿಲು, ಮೆಟ್ಟಿಲು, ಕುರ್ಚಿಗಳ ವಿಷಯದಲ್ಲಿ ಅದು ಮೋಸ ಹೋಗಲ್ಲ. ಅದಕ್ಕೂ ಮೊದಲು ಹೆಡ್‌ಸೆಟ್‌ನ ಚಕ್ರ ತಿರುಗಿಸಿ ಐಪಿಡಿ (ಕಣ್ಣುಗಳ ನಡುವಿನ ಅಂತರ) ನಿಮ್ಮ ಕಣ್ಣಿಗೆ ಸರಿಮಾಡಿ. ಅದು ತಪ್ಪಿದ್ದರೆ ಉಳಿದದ್ದೆಲ್ಲ ತಪ್ಪು.

ಸ್ಕೇಲ್ ಕೂತ ಮೇಲೆ ಕ್ಯಾಮೆರಾ ದೂರ ಸರಿಹೊಂದಿಸಿ. ಆಫ್‌ಸೆಟ್ ಅಂಕಿಗಳು ಅನ್‌ರಿಯಲ್ ಅಳತೆಯಲ್ಲಿವೆ, 1 ಅಂದರೆ 1 ಸೆಂ.ಮೀ. ಮಾನಿಟರ್‌ಗಾಗಿ ಮಾಡಿದ ಕ್ಯಾಮೆರಾ ಹೆಡ್‌ಸೆಟ್‌ಗೆ ಸಾಮಾನ್ಯವಾಗಿ ತುಂಬ ಹಿಂದೆ ಇರುತ್ತೆ, ಯಾಕಂದ್ರೆ ಅಲ್ಲಿ ನೋಟದ ಕೋನ ಕಿರಿದು. ಸುತ್ತಮುತ್ತ ತೋರಿಸೋಕೆ ಹಿಂದೆ ಹೋಗಲೇಬೇಕು. ಹೆಡ್‌ಸೆಟ್‌ನಲ್ಲಿ 110 ಡಿಗ್ರಿ ಅಗಲ ಇದೆ. ಫಾರ್ವರ್ಡ್ ಆಫ್‌ಸೆಟ್ 50ರಿಂದ ಶುರು ಮಾಡಿ. ಹತ್ತಿರ ಬಂದಷ್ಟೂ ಸ್ಟಿಕ್ ತಿರುಗಿಸಿದಾಗಿನ ಬೀಸು ಕಮ್ಮಿ: 3 ಮೀಟರ್ 2 ಆದರೆ 90 ಡಿಗ್ರಿಗೆ 4.7ರ ಬದಲು 3.1 ಮೀಟರ್. ಇನ್ನೂ ಹತ್ತಿರ ತಂದರೆ ಬೆಕ್ಕಿನ ಮೈ ಜಾಲರಿ ಜಾಲರಿಯಾಗಿ ಕರಗೋಕೆ ಶುರುವಾಗಬಹುದು. ಕ್ಯಾಮೆರಾಗೆ ಅಡ್ಡ ಬಂದ ಪಾತ್ರವನ್ನ ಮಾಯ ಮಾಡೋ ಗೇಮಿನದೇ ವ್ಯವಸ್ಥೆ ಅದು. ಅಲ್ಲಿಗೆ ನಿಲ್ಲಿಸಿ 20 ಹಿಂದೆ ಬನ್ನಿ.

ಎರಡೆರಡು ಕಾಣೋದು ಯುಐ (ಪರದೆ ಮೇಲಿನ ಸೂಚನೆ, ಮೆನು) ದೂರದಿಂದ. ಸೂಚನೆ ಬೆಕ್ಕಿನ ಮೇಲೆ ಬರೆದಿದೆ, ಆದರೆ ಅದರ ಆಳ ಬೆಕ್ಕಿಗಿಂತ ಹಿಂದೆ. ಮುಂದಿನದನ್ನ ಹಿಂದಿನದು ಮುಚ್ಚೋದು ಲೋಕದಲ್ಲಿ ಎಲ್ಲೂ ಇಲ್ಲ, ಕಣ್ಣಿಗೆ ಯಾವುದಕ್ಕೆ ಕೂಡಬೇಕೋ ತಿಳಿಯಲ್ಲ. ಯುಐ ಡಿಸ್ಟೆನ್ಸ್ ಅನ್ನ ಪಾತ್ರದ ದೂರಕ್ಕಿಂತ ಕಮ್ಮಿ ಮಾಡಿ. ಪಾತ್ರ 2 ಮೀಟರ್‌ನಲ್ಲಿದ್ದರೆ ಯುಐ 1.5. ಹತ್ತಿರ ತಂದಷ್ಟೂ ಸೈಜ್ ಕೂಡ ಇಳಿಸಿ, ಇಲ್ಲದಿದ್ದರೆ ಮೂಲೆಯ ಅಕ್ಷರ ಓದೋಕೆ ಕತ್ತು ತಿರುಗಿಸಬೇಕಾಗುತ್ತೆ. ವಸ್ತುಗಳ ಮೇಲೆ ತೇಲೋ ಗುರುತುಗಳು ಮಾತ್ರ ಒಂಚೂರು ಪಕ್ಕಕ್ಕೇ ಇರ್ತವೆ. ಅವನ್ನ ಚಪ್ಪಟೆ ಪರದೆ ಲೆಕ್ಕದಲ್ಲಿ ಇಟ್ಟಿರ್ತಾರೆ, ಸಹಿಸ್ಕೋಬೇಕು.

---

ಪಿಕ್ಸೆಲ್_ಪಟೇಲ

ವರ್ಚುವಲ್ ಪರದೆ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. 27 ಇಂಚಿನ ಮಾನಿಟರ್ ಅಗಲ ಸುಮಾರು 60 ಸೆಂ.ಮೀ. 70 ಸೆಂ.ಮೀ. ದೂರದಿಂದ ನೋಡಿದರೆ ಅದು 46 ಡಿಗ್ರಿ ತುಂಬುತ್ತದೆ. 2560 ಪಿಕ್ಸೆಲ್ ಭಾಗಿಸು 46, ಅಂದರೆ ಡಿಗ್ರಿಗೆ 55 ಪಿಕ್ಸೆಲ್. ಕ್ವೆಸ್ಟ್ 3ಕ್ಕೆ ಮೆಟಾ ಹೇಳುವ ಲೆಕ್ಕ ಡಿಗ್ರಿಗೆ 25. ವರ್ಚುವಲ್ ಪರದೆಯನ್ನು 70 ಡಿಗ್ರಿಗೆ ಹಿಗ್ಗಿಸಿದರೂ ಅಡ್ಡಕ್ಕೆ ಸಿಗುವುದು 1750 ಪಿಕ್ಸೆಲ್, ಅದೂ ವೀಡಿಯೋ ಕಂಪ್ರೆಶನ್ ಆದ ಮೇಲೆ. ಥಿಯೇಟರ್ ಗಾತ್ರ ಸಿಗುತ್ತದೆ, 1440ಪಿ ಸಿಗುವುದಿಲ್ಲ. ಆಳವೂ ಇಲ್ಲ, ಸ್ಪಷ್ಟತೆಯೂ ಇಲ್ಲ, ತಲೆ ಮೇಲೆ ಅರ್ಧ ಕೆಜಿ. ಒಳ್ಳೆಯ ಮಾನಿಟರ್ ಎದುರಿಗೇ ಇರುವವರಿಗೆ ನನ್ನ ಮಟ್ಟಿಗೆ ಇದು ಶುದ್ಧ ನಷ್ಟದ ಬಾಬ್ತು. ಕತ್ತಲೆ ದೃಶ್ಯಗಳಲ್ಲಿ ಕ್ವೆಸ್ಟ್ 3ರ ಎಲ್‌ಸಿಡಿ ಕಪ್ಪನ್ನು ಬೂದು ಮಾಡಿ ತೋರಿಸುತ್ತದೆ ಎಂಬುದೂ ಸೇರಲಿ.

ಲೈಸ್ ಆಫ್ ಪಿ ಮಾನಿಟರ್‌ನಲ್ಲೇ ಆಡಿ. ಲಾಕ್-ಆನ್ ಒಂದು ಕಾರಣ, ವಿಳಂಬ ಇನ್ನೊಂದು. ವೈಫೈ ಮೇಲೆ ಪಿಸಿ ವಿಆರ್ ಆಡುವಾಗ ರೆಂಡರ್, ಎನ್‌ಕೋಡ್, ನೆಟ್‌ವರ್ಕ್, ಡಿಕೋಡ್ ಎಲ್ಲ ಸೇರಿ ಸಾಮಾನ್ಯವಾಗಿ 40ರಿಂದ 60 ಮಿಲಿ ಸೆಕೆಂಡ್ ಆಗುತ್ತದೆ. ವರ್ಚುವಲ್ ಡೆಸ್ಕ್‌ಟಾಪ್‌ನ ಓವರ್‌ಲೇಯಲ್ಲಿ ನಿಮ್ಮ ಅಂಕಿ ಕಾಣಿಸುತ್ತದೆ. ತಲೆ ತಿರುಗಿಸಿದಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಹೆಡ್‌ಸೆಟ್ ಕೊನೆಯ ಕ್ಷಣದಲ್ಲಿ ಚಿತ್ರವನ್ನು ತಲೆಯ ದಿಕ್ಕಿಗೆ ಸರಿಸಿ ತೋರಿಸುತ್ತದೆ. ಬಟನ್ ಒತ್ತಿದ್ದಕ್ಕೆ ಆ ಉಪಕಾರ ಇಲ್ಲ. ಪರ್ಫೆಕ್ಟ್ ಗಾರ್ಡ್ (ಏಟು ಬೀಳುವ ಕ್ಷಣಕ್ಕೇ ತಡೆಯುವುದು) ನಂಬಿಕೊಂಡ ಆಟದಲ್ಲಿ ಆಯುಧ ತಡವಾಗಿಯೇ ಅಡ್ಡ ಬರುತ್ತದೆ, ನೀವು ನಿಮ್ಮ ಬೆರಳನ್ನು ಬೈದುಕೊಳ್ಳುತ್ತೀರಿ.

ಬಿಟ್‌ರೇಟ್ ಬಗ್ಗೆ ಒಂದು ಮಾತು. 4070ರಲ್ಲಿ ಎವಿ1 (ವೀಡಿಯೋ ಕುಗ್ಗಿಸುವ ಒಂದು ವಿಧಾನ) ಎನ್‌ಕೋಡರ್ ಇದೆ, ಕ್ವೆಸ್ಟ್ 3 ಅದನ್ನು ಬಿಚ್ಚಬಲ್ಲದು. ಎವಿ1 10-ಬಿಟ್ ಆರಿಸಿ 150ರಿಂದ 200 ಎಂಬಿಪಿಎಸ್ ಇಡಿ. ಹುಲ್ಲು, ಎಲೆ, ಮಳೆ ಇರುವ ಜಾಗದಲ್ಲಿ ಚೌಕ ಚೌಕ ಕಾಣುವುದು ಇದರಿಂದ ಕಮ್ಮಿಯಾಗುತ್ತದೆ.

---

ಕಾಫಿತೋಟ_ಪಿಸಿ

ಯುಐ 1.5ಕ್ಕೆ ತಂದ್ಮೇಲೆ ಎರಡೆರಡು ಕಾಣೋದು ಹೋಯ್ತು, ಬಾಗಿಲೂ ಬಾಗಿಲಿನ ಗಾತ್ರಕ್ಕೆ ಬಂತು. ಧನ್ಯವಾದ. ಕೊನೇ ಎರಡು: ಕಟ್‌ಸೀನ್ ಬಂದಾಗ ಏನ್ ಮಾಡ್ತೀರಿ? ಮಾಡ್ ಗೋಜೇ ಇಲ್ಲದೆ ಹೆಡ್‌ಸೆಟ್‌ಗೇ ಅಂತ ಮಾಡಿರೋ ಥರ್ಡ್ ಪರ್ಸನ್ ಇದ್ರೆ ಹೇಳಿ.

---

ಹುಬ್ಬಳ್ಳಿ_90ಹರ್ಟ್ಸ್

ಕಟ್‌ಸೀನಿಗೆ ಯುಇವಿಆರ್‌ನಾಗ 2ಡಿ ಸ್ಕ್ರೀನ್ ಮೋಡ್ ಐತ್ರಿ, ಅದನ್ನ ಒಂದು ಕೀಗೆ ಕಟ್ಟಿಟ್ಕೋರಿ. ಕ್ಯಾಮೆರಾ ನಿಮ್ಮ ಕೈ ಬಿಡ್ತು ಅಂದಕೂಡ್ಲೆ ಒತ್ತಿ, ಮುಗಿದ ಮ್ಯಾಲ ಮತ್ತ ಒತ್ರಿ. ಕಟ್‌ಸೀನಿನಾಗ ಮುಖ ತೋರ್ಸಾಕ ಲೆನ್ಸ್ ಜೂಮ್ ಮಾಡಿರ್ತಾರ. ಹೆಡ್‌ಸೆಟ್ ಆ ಜೂಮ್ ತಗೊಳ್ಳಂಗಿಲ್ಲ, ಹಿಂಗಾಗಿ ಮುಖ ದೂರದಾಗ ಉಳೀತೈತಿ, ಫ್ರೇಮಿನಾಚೆ ಸುಮ್ಮನ ನಿಂತ ಪಾತ್ರಗಳೂ ಕಾಣಿಸ್ತಾವ.

ಹೆಡ್‌ಸೆಟ್‌ಗೇ ಮಾಡಿದ್ದು ಅಂದ್ರ ಮಾಸ್, ಅದರ ಎರಡನೇ ಭಾಗ. ಎರಡೂ ಕ್ವೆಸ್ಟ್‌ನಾಗ ಪಿಸಿ ಇಲ್ಲದ ಓಡ್ತಾವ. ಕ್ಯಾಮೆರಾ ಒಂದೊಂದ್ ಕೋಣೆಗೆ ಒಂದೊಂದ್ ಕಡೆ ಕೂತಿರ್ತೈತಿ, ಇಲಿ ಮರಿ ನಿಮ್ಮ ಎದುರಿಗೆ ಓಡಾಡ್ತೈತಿ, ನೀವು ಕೈ ಚಾಚಿ ಕಲ್ಲು ಸರಸ್ತೀರಿ. ಬಲ ಸ್ಟಿಕ್ಕಿನ ಮಾತೇ ಇಲ್ಲ. ಆಸ್ಟ್ರೋ ಬಾಟ್ ರೆಸ್ಕ್ಯೂ ಮಿಷನ್ ಇದಕ್ಕಿಂತ ಚಂದ, 2018ರದ್ದು, ಕ್ಯಾಮೆರಾ ಬರೇ ಮುಂದಕ್ಕ ಹೋಗ್ತೈತಿ. ಆದ್ರ ಅದು ಹಳೇ ಪಿಎಸ್ ವಿಆರ್‌ಗೆ ಕಟ್ಟುಬಿದ್ದೈತಿ, ಪಿಎಸ್ ವಿಆರ್2ನಾಗೂ ನಡಿಯಂಗಿಲ್ಲ.

ಮತ್ತ ಸ್ಟ್ರೇ ಸೆಟಿಂಗ್ ಎಲ್ಲಾ ಕೂತಾವ ಅಂದ್ರ ಎಕ್ಸ್‌ಪೋರ್ಟ್ ಕಾನ್ಫಿಗ್ ಒತ್ತಿ ಒಂದು ಪ್ರತಿ ತೆಗೆದಿಡ್ರಿ. ಗೇಮ್ ಅಪ್‌ಡೇಟ್ ಆದಾಗ ಒಮ್ಮೊಮ್ಮೆ ಇಂಜೆಕ್ಟ್ ಮಾಡಿದ ಕೂಡ್ಲೆ ಕ್ರ್ಯಾಶ್ ಆಗ್ತೈತಿ. ಆಗ ಆಪ್‌ಡೇಟಾ ರೋಮಿಂಗ್ ಒಳಗ ಅನ್‌ರಿಯಲ್‌ವಿಆರ್‌ಮಾಡ್ ಫೋಲ್ಡರ್‌ಗೆ ಹೋಗಿ ಆ ಗೇಮಿನ ಹೆಸರಿನ ಫೋಲ್ಡರ್ ಅಳಿಸಿ, ಖಾಲಿ ಸೆಟಿಂಗ್‌ನಾಗ ಒಮ್ಮೆ ಓಡಸ್ರಿ. ಓಡ್ತು ಅಂದ್ರ ಪ್ರತಿ ವಾಪಸ್ ಇಂಪೋರ್ಟ್ ಮಾಡ್ರಿ; ಮತ್ತ ಬಿದ್ರ ಕ್ಯಾಮೆರಾ ಆಫ್‌ಸೆಟ್, ಸ್ಕೇಲ್, ಯುಐ ದೂರ ಈ ಮೂರು ಅಂಕಿ ಕೈಯಿಂದ ಹಾಕ್ಕೋರಿ, ಉಳಿದದ್ದು ಹಂಗೇ ಬಿಡ್ರಿ.