ಭಾನುವಾರದ ಪ್ರಶ್ನೋತ್ತರ: ರಿಪೋರ್ಟ್‌ನಲ್ಲಿ ಎಪಿಥೀಲಿಯಲ್ ಸೆಲ್ಸ್ ಅಂತ ಇದೆ, ಭಯ ಪಡಬೇಕಾ?

ಅಡ್ಮಿನ್: ನಮ್ಮ ಬನಶಂಕರಿ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಇವತ್ತು ಪೆಥಾಲಜಿಸ್ಟ್ ಮೇಡಂ ಉತ್ತರ ಕೊಡುತ್ತಾರೆ. ಲ್ಯಾಬ್ ರಿಪೋರ್ಟ್ ಬಗ್ಗೆ ಮಾತ್ರ ಕೇಳಿ. ಗುಡ್ ಮಾರ್ನಿಂಗ್ ಫೋಟೋ ಹಾಕಬೇಡಿ.

ಎ-102: ಮೇಡಂ, ಅಮ್ಮನ ಯೂರಿನ್ ರಿಪೋರ್ಟ್‌ನಲ್ಲಿ ಎಪಿಥೀಲಿಯಲ್ ಸೆಲ್ಸ್ 8-10 ಅಂತ ದಪ್ಪ ಅಕ್ಷರದಲ್ಲಿದೆ. ಗೂಗಲ್ ಮಾಡಿದರೆ ಕಿಡ್ನಿ, ಕ್ಯಾನ್ಸರ್ ಅಂತೆಲ್ಲ ಬರ್ತಿದೆ. ಅಮ್ಮ ಊಟಾನೇ ಬಿಟ್ಟಿದ್ದಾರೆ.

ಡಾಕ್ಟರ್: ಮೊದಲು ಅವರಿಗೆ ಊಟ ಹಾಕಿ. ಚರ್ಮದ ಮೇಲ್ಪದರ, ಬಾಯಿಯ ಒಳಮೈ, ಕರುಳಿನ ಒಳಗೋಡೆ, ಮೂತ್ರದ ದಾರಿ, ಇವೆಲ್ಲದರ ಮೇಲೆ ಹೊದ್ದಿರುವುದೇ ಎಪಿಥೀಲಿಯಲ್ ಕೋಶಗಳು. ಹೊರಗಿನದನ್ನು ತಡೆಯೋದು, ಬೇಕಾದ್ದನ್ನು ಹೀರಿಕೊಳ್ಳೋದು ಅವುಗಳ ಕೆಲಸ. ಸವೆತ ಜಾಸ್ತಿ, ಅದಕ್ಕೇ ಹಳೆಯವು ಉದುರುತ್ತಲೇ ಇರುತ್ತವೆ, ಹೊಸವು ಬರುತ್ತವೆ. ಕರುಳಿನ ಪದರ 3ರಿಂದ 5 ದಿನದೊಳಗೆ ಹೊಸದಾಗುತ್ತದೆ. ಯೂರಿನ್‌ನಲ್ಲಿ ಸ್ಕ್ವೇಮಸ್, ಅಂದರೆ ಚಪ್ಪಟೆ ಕೋಶ, ಅಂತ ಬರೆದಿದ್ದರೆ ಸಾಮಾನ್ಯವಾಗಿ ಅದು ಹೊರಗಿನ ಚರ್ಮದಿಂದ ಡಬ್ಬಿಗೆ ಸೇರಿದ್ದು. ತೊಳೆದುಕೊಂಡು, ಮೊದಲು ಸ್ವಲ್ಪ ಬಿಟ್ಟು, ನಡುವಿನದನ್ನು ಹಿಡಿದು ಇನ್ನೊಮ್ಮೆ ಕೊಡಲಿ. ಉರಿ, ಜ್ವರ ಇದ್ದು ಪಸ್ ಸೆಲ್ಸ್ (ಕೀವಿನ ಕೋಶ) ಕೂಡ ಜಾಸ್ತಿ ಇದ್ದರೆ ಮಾತ್ರ ನಿಮ್ಮ ಡಾಕ್ಟರ್ ಹತ್ತಿರ ಹೋಗಿ, ಕಲ್ಚರ್, ಅಂದರೆ ಸೋಂಕಿನ ರೋಗಾಣು ಬೆಳೆಸಿ ನೋಡುವ ಟೆಸ್ಟ್, ಬೇಕಾಗಬಹುದು.

ಬಿ-304: ನನ್ನದು 6-8 ಇದೆ ಮೇಡಂ. ತೊಂದರೆನಾ?

ಡಾಕ್ಟರ್: ಮೇಲೆ ಓದಿ.

ಡಿ-007: ಬಾರ್ಲಿ ನೀರಿಗೆ ಅಡುಗೆ ಸೋಡಾ, ನಿಂಬೆಹಣ್ಣು ಹಾಕಿ ಬೆಳಗ್ಗೆ ಖಾಲಿ ಹೊಟ್ಟೇಲಿ ಕುಡಿದರೆ ಎಲ್ಲ ಸೆಲ್ಸ್ ಕ್ಲೀನ್ ಅಂತೆ. ಫಾರ್ವರ್ಡ್ ಬಂದಿತ್ತು.

ಡಾಕ್ಟರ್: ಎಲ್ಲ ಸೆಲ್ಸ್ ಕ್ಲೀನ್ ಆದರೆ ನೀವೇ ಇರಲ್ಲ ಸಾರ್. ಬಾರ್ಲಿ ನೀರು ಕುಡೀರಿ. ಸೋಡಾದಲ್ಲಿ ಸೋಡಿಯಂ ಇದೆ, ಬಿಪಿ, ಕಿಡ್ನಿ ತೊಂದರೆ ಇರೋರಿಗೆ ಅದು ಕೆಟ್ಟದ್ದು.

ಸಿ-212: ಮೇಡಂ, ನನಗೆ 38. ಗರ್ಭಕೋಶದ ಬಾಯಿಯ ಕೋಶ ನೋಡುವ ಪ್ಯಾಪ್ ಸ್ಮಿಯರ್ ಟೆಸ್ಟ್ ಮಾಡಿಸಬೇಕಾ?

ಎ-410: ಮೇಡಂ, ನನ್ನ ಭಾವಮೈದ ಕ್ಯಾಬ್ ಓಡಿಸ್ತಾನೆ, 34 ವರ್ಷ. ನಿದ್ದೆ ಬರಬಾರದು ಅಂತ ಪಾನ್ ಮಸಾಲಾ ಹಾಕ್ತಾನೆ, ತಂಬಾಕು ಇಲ್ಲ ಅಂತಾನೆ. ಕೆನ್ನೆ ಒಳಗೆ ಬಿಳಿ ಮಚ್ಚೆ ಇದೆ. ಸಾರು ತಾಗಿದರೆ ಉರಿ. ಮೊನ್ನೆ ಪಾನಿಪೂರಿ ಬಾಯೊಳಗೆ ಹೋಗಲಿಲ್ಲ, ಒಡೆದು ತಿಂದ. ಅರಿಶಿನ, ಸುಣ್ಣ ಹಚ್ಚಿದರೆ ಹೋಗುತ್ತಾ?

ಡಾಕ್ಟರ್: ಸುಣ್ಣ ಹಚ್ಚಲೇಬೇಡಿ, ಸುಡುತ್ತದೆ. ಇದು ಕೇಳಿ ನನಗೆ ಸಮಾಧಾನ ಇಲ್ಲ. ಅವನದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ಮಧ್ಯೆ ಹೋಗುತ್ತಾ ನೋಡಿ. ಹೋಗದಿದ್ದರೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬಹುದು. ತಂಬಾಕು ಇಲ್ಲದಿದ್ದರೂ ಪಾನ್ ಮಸಾಲಾದಲ್ಲಿ ಅಡಿಕೆ ಇದ್ದೇ ಇರುತ್ತದೆ, ಅದರಲ್ಲಿರುವ ಅರೆಕೋಲಿನ್ ಅನ್ನೋ ರಾಸಾಯನಿಕ ಕೆನ್ನೆಯ ಒಳಪದರದ ಕೆಳಗೆ ನಾರು ಕಟ್ಟಿಸುತ್ತದೆ. ಕೆನ್ನೆ ಬಿಗಿಯುತ್ತದೆ, ಮೇಲಿನ ಎಪಿಥೀಲಿಯಲ್ ಪದರ ತೆಳುವಾಗುತ್ತದೆ, ಖಾರ ತಡೆಯೋದಿಲ್ಲ. ಬಿಳಿ ಮಚ್ಚೆಯೂ ಇದೆ ಅಂದರೆ ಕೋಶಗಳು ಕೆಡಲು ಶುರುವಾಗಿರಬಹುದು, ಆಗಿಲ್ಲದೆಯೂ ಇರಬಹುದು. ಬಾಯಿಗೆ ಟಾರ್ಚ್ ಬಿಟ್ಟು ಫೋಟೋ ಕಳಿಸಿದರೆ ಗೊತ್ತಾಗೋದಿಲ್ಲ, ಚೂರು ತೆಗೆದು ಬಯಾಪ್ಸಿಗೆ ಕೊಡಬೇಕು. ಈ ಪದರದ ತಳದಲ್ಲಿ ಬೇಸ್‌ಮೆಂಟ್ ಮೆಂಬ್ರೇನ್ ಅಂತ ತೆಳು ಹಾಳೆ ಇದೆ. ಕೆಟ್ಟ ಕೋಶ ಅದನ್ನು ದಾಟಿದೆಯಾ ಅಂತ ಮೈಕ್ರೋಸ್ಕೋಪಿನಲ್ಲಿ ಹುಡುಕೋದೇ ನಮ್ಮ ಕೆಲಸ. ಎಪಿಥೀಲಿಯಂ, ಅಂದರೆ ಈ ಮೇಲ್ಪದರದ ಒಳಗೆ ರಕ್ತನಾಳ ಇರೋದಿಲ್ಲ, ಹಾಳೆಯ ಕೆಳಗಿರುತ್ತದೆ. ದಾಟಿಲ್ಲ ಅಂದರೆ ಅಷ್ಟನ್ನು ತೆಗೆದು ಮುಂದೆ ನಿಗಾ ಇಡಬಹುದು. ದಾಟಿದರೆ ಅದು ಕಾರ್ಸಿನೋಮಾ, ಅಂದರೆ ಕ್ಯಾನ್ಸರ್, ಕುತ್ತಿಗೆಯ ಗಂಟಿಗೆ ಹೋಗುವ ದಾರಿ ಅದಕ್ಕೆ ಸಿಕ್ಕಂತೆ. ಪ್ಯಾಕೆಟ್ ಇವತ್ತೇ ನಿಲ್ಲಲಿ. ನಾಳೆ ಬೆಳಗ್ಗೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಕಾರಿ ದಂತ ಕಾಲೇಜಿಗೆ ಕರೆದುಕೊಂಡು ಹೋಗಿ. ಡ್ಯೂಟಿ ಇದೆ ಅಂದರೆ ಕೇಳಬೇಡಿ.

ಇ-206: ಪಾಪ ಅಡಿಕೆಗೆ ಯಾಕೆ ಕೆಟ್ಟ ಹೆಸರು? ನಮ್ಮಜ್ಜ ತೀರ್ಥಹಳ್ಳೀಲಿ 90 ವರ್ಷ ಎಲೆ ಅಡಿಕೆ ಹಾಕಿದರು. ಕೆಟ್ಟದ್ದು ಗುಟ್ಕಾ, ಅದು 2013ರಲ್ಲೇ ಬ್ಯಾನ್ ಆಯ್ತಲ್ಲ.

ಬಿ-118: ಬ್ಯಾನ್ ಆದ ಮೇಲೆ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಗೂಡಂಗಡೀಲಿ ಜೋಡಿಯಾಗಿ ನೇತಾಡ್ತಿರುತ್ತೆ, ನೋಡಿಲ್ವಾ?

ಡಾಕ್ಟರ್: ಅಡಿಕೆ ಒಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಅದನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ.

ಇ-206: ಫಾರಿನ್ ಲಾಬಿ ಮೇಡಂ ಇದೆಲ್ಲ. ಬೆಳೆಗಾರರ ಹೊಟ್ಟೆ ಮೇಲೆ ಹೊಡೆಯೋಕೆ.

ಬಿ-118: ಬೆಳೆಗಾರರನ್ನು ಯಾರು ಬೈದರು? ನಿಮ್ಮಜ್ಜನ ಕಥೆ ಸಾಕ್ಷಿ ಆಗಲ್ಲ.

ಇ-206: ನಮ್ಮಜ್ಜನ ಸುದ್ದಿಗೆ ಬರಬೇಡಿ. ರಾತ್ರಿ ಟೆರೇಸಲ್ಲಿ ಸಿಗರೇಟು ಸೇದೋರು ಯಾರು ಅಂತ ಇಡೀ ಬಿ ಬ್ಲಾಕಿಗೆ ಗೊತ್ತು.

ಬಿ-118: ನನ್ನ ದುಡ್ಡು, ನನ್ನ ಸಿಗರೇಟು.

ಡಾಕ್ಟರ್: ಶ್ವಾಸನಾಳವೂ ನಿಮ್ಮದೇ. ಅಲ್ಲಿನ ಎಪಿಥೀಲಿಯಲ್ ಕೋಶಗಳ ಮೇಲೆ ಸಣ್ಣ ರೋಮ ಇರುತ್ತವೆ, ಧೂಳು, ಕಫ ಮೇಲಕ್ಕೆ ತಳ್ಳೋದು ಅವೇ. ಹೊಗೆ ಬಿದ್ದೂ ಬಿದ್ದೂ ಆ ಕೋಶಗಳ ಜಾಗಕ್ಕೆ ರೋಮ ಇಲ್ಲದ ಚಪ್ಪಟೆ ಕೋಶಗಳು ಬರುತ್ತವೆ. ಆಮೇಲೆ ಕಫ ಎತ್ತೋಕೆ ಕೆಮ್ಮೇ ಗತಿ.

ಸಿ-212: ಮೇಡಂ, ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ.

ಡಿ-007: ಎಲ್ಲದಕ್ಕೂ ಬಯಾಪ್ಸಿ ಅಂತಾರೆ, ಬಿಸಿನೆಸ್ಸು. ಗೋಮೂತ್ರ ಮುಕ್ಕಳಿಸಿದರೆ ಮಚ್ಚೆ ಹೋಗುತ್ತೆ ಅಂತ ವಿಡಿಯೋ ಇದೆ, ಹಾಕ್ಲಾ?

ಡಾಕ್ಟರ್: ಬೇಡ. ನಿಮ್ಮ ವಿಡಿಯೋ ನಂಬಿ ಆ ಹುಡುಗ ಮೂರು ತಿಂಗಳು ಕಾದರೆ, ಆಮೇಲೆ ದವಡೆ ಕತ್ತರಿಸುವಾಗ ನೀವು ಬರ್ತೀರಾ?

ಅಡ್ಮಿನ್: ಎಲ್ಲರೂ ದಯವಿಟ್ಟು ಸಮಾಧಾನ.

ಬಿ-304: ಹಾಗಾದ್ರೆ 6-8 ನಾರ್ಮಲ್ಲಾ?

ಎ-410: ಮೇಡಂ, ಮೂರು ಬೆರಳು ಹೋಗಲಿಲ್ಲ, ಎರಡೇ. ಬರ್ತೀನಿ ಅಂದಿದ್ದಾನೆ, ಆದರೆ ಅತ್ತೆ ಬಿಡ್ತಿಲ್ಲ. ಚಾಕು ತಾಗಿಸಿದರೆ ಹರಡುತ್ತೆ ಅಂತಾರೆ.

ಡಾಕ್ಟರ್: ಬಯಾಪ್ಸಿ ಮಾಡಿಸಿದ್ದಕ್ಕೆ ಬಾಯಿ ಕ್ಯಾನ್ಸರ್ ಹರಡೋದಿಲ್ಲ, ಹರಡೋದು ಸುಮ್ನೆ ಬಿಟ್ಟರೆ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ, ಲಿಫ್ಟ್ ಹತ್ತಿರ ಏಳೂವರೆಗೆ ಸಿಗ್ತೀನಿ, ನಾನೇ ಮಾತಾಡ್ತೀನಿ. ರಿಪೋರ್ಟ್ ಬಂದ ಮೇಲೆ ನನಗೆ ಮಾತ್ರ ಕಳಿಸಿ, ಗ್ರೂಪಿಗೆ ಹಾಕಬೇಡಿ.