ಹ್ಯಾಂಡೋವರ್ ಆಗುತ್ತದೆ, ಸ್ಲೈಸ್ ಮಾತ್ರ ಬೀಳುತ್ತದೆ: ಎಲ್ಲಿ ಹುಡುಕಬೇಕು?

ಪ್ರಶ್ನೆ

ಕಾರ್ಖಾನೆಯೊಂದರ ಖಾಸಗಿ 5ಜಿ ಜಾಲ. ಅದನ್ನು ಸ್ಲೈಸ್‌ಗಳಾಗಿ, ಅಂದರೆ ಬೇರೆ ಬೇರೆ ಕೆಲಸದ ಪಾಲುಗಳಾಗಿ ವಿಂಗಡಿಸಿದ್ದೇವೆ. ಕ್ಯಾಮೆರಾಗೆ ಎಸ್‌ಎಸ್‌ಟಿ (ಸ್ಲೈಸ್‌ನ ಬಗೆ ಸೂಚಿಸುವ ಸಂಖ್ಯೆ) 1, ಚಾಲಕರಹಿತ ಗಾಡಿಯ ನಿಯಂತ್ರಣಕ್ಕೆ ಎಸ್‌ಎಸ್‌ಟಿ 2. ಒಂದೇ ಗಾಡಿಯಲ್ಲಿ ಎರಡೂ ಸೆಷನ್ ಇರುತ್ತವೆ. ಗಾಡಿ ಹಾಲ್‌ನಿಂದ ಗೋದಾಮಿನ ಸೆಲ್‌ಗೆ ದಾಟಿದ ಕೂಡಲೇ ನಿಯಂತ್ರಣದ ಸೆಷನ್ ಬೀಳುತ್ತದೆ, ಕ್ಯಾಮೆರಾ ನಡೆಯುತ್ತಲೇ ಇರುತ್ತದೆ. ಸಿಗ್ನಲ್‌ಗೆ ಏನೂ ಕೊರತೆಯಿಲ್ಲ. ಹಾಲ್‌ಗೆ ವಾಪಸ್ ಬಂದ ಮೇಲೂ ಕೆಲವು ಸಲ ನಿಯಂತ್ರಣ ಮರಳುವುದಿಲ್ಲ. ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1

ಒಂದು ಸೆಷನ್ ಉಳಿದು ಇನ್ನೊಂದು ಬಿತ್ತು ಎಂದರೆ ರೇಡಿಯೋವನ್ನು ಸದ್ಯಕ್ಕೆ ಬಿಡಿ. ಗೋದಾಮಿನ ಬೇಸ್ ಸ್ಟೇಷನ್‌ಗೆ ಎರಡನೇ ಸ್ಲೈಸ್ ಗೊತ್ತಿಲ್ಲ. ಹ್ಯಾಂಡೋವರ್‌ನಲ್ಲಿ, ಅಂದರೆ ಸಾಧನ ಒಂದು ಸೆಲ್‌ನಿಂದ ಇನ್ನೊಂದಕ್ಕೆ ದಾಟುವಾಗ, ಗುರಿ ಸ್ಟೇಷನ್ ಪ್ರತಿ ಪಿಡಿಯು ಸೆಷನ್‌ನ (ಸಾಧನದ ಡೇಟಾ ಸಂಪರ್ಕದ) ಸ್ಲೈಸ್ ಗುರುತನ್ನೂ ನೋಡಿ, ತನ್ನಲ್ಲಿ ಇರುವುದನ್ನಷ್ಟೇ ಒಪ್ಪಿಕೊಳ್ಳುತ್ತದೆ. ಒಪ್ಪದ ಸೆಷನ್ ಗುರಿ ಸ್ಟೇಷನ್ ಕೋರ್‌ಗೆ (ಜಾಲದ ಕೇಂದ್ರ ಭಾಗಕ್ಕೆ) ಕಳಿಸುವ ಪಾತ್ ಸ್ವಿಚ್ ರಿಕ್ವೆಸ್ಟ್ ಸಂದೇಶದ ವಿಫಲ ಪಟ್ಟಿಯಲ್ಲಿ ಸೇರಿ ಎಎಂಎಫ್ (ಸಾಧನದ ರಿಜಿಸ್ಟ್ರೇಷನ್, ಚಲನೆ ನೋಡುವ ಘಟಕ) ಮೂಲಕ ಎಸ್‌ಎಂಎಫ್‌ಗೆ (ಸೆಷನ್ ನೋಡಿಕೊಳ್ಳುವ ಘಟಕಕ್ಕೆ) ಹೋಗುತ್ತದೆ, ಅಲ್ಲಿಗೆ ಅದರ ಕತೆ ಮುಗಿಯಿತು.

ವೈರ್‌ಶಾರ್ಕ್‌ನಲ್ಲಿ (ಜಾಲದ ಸಂದೇಶ ಹಿಡಿದು ತೋರಿಸುವ ತಂತ್ರಾಂಶ) ಎರಡು ಕಡೆ ಹಿಡಿಯಿರಿ: ಕೋರ್ ಕಡೆ ಎಸ್‌ಸಿಟಿಪಿ (ಈ ಸಂದೇಶಗಳನ್ನು ಸಾಗಿಸುವ ಪ್ರೋಟೋಕಾಲ್) ಪೋರ್ಟ್ 38412, ಸ್ಟೇಷನ್‌ಗಳ ನಡುವೆ 38422. ಹ್ಯಾಂಡೋವರ್ ಒಪ್ಪಿಗೆಯ ಸಂದೇಶದಲ್ಲಿ ‘ನಾಟ್ ಅಡ್ಮಿಟೆಡ್’ ಪಟ್ಟಿ ಇದೆಯೇ, ಕಾರಣ ‘ಸ್ಲೈಸ್ ನಾಟ್ ಸಪೋರ್ಟೆಡ್’ ಎಂದಿದೆಯೇ ನೋಡಿ.

ಆಮೇಲೆ ಎಸ್‌ಡಿ, ಅಂದರೆ ಒಂದೇ ಬಗೆಯ ಸ್ಲೈಸ್‌ಗಳನ್ನು ಬೇರೆ ಮಾಡುವ ಸಂಖ್ಯೆ. ಸ್ಲೈಸ್ ಗುರುತಿನಲ್ಲಿ ಎಸ್‌ಎಸ್‌ಟಿ 8 ಬಿಟ್, ಎಸ್‌ಡಿ 24 ಬಿಟ್. ಎಸ್‌ಡಿ ಇಲ್ಲದ ಎಸ್‌ಎಸ್‌ಟಿ 2 ಬೇರೆ, ಎಸ್‌ಡಿ 000001 ಇರುವ ಎಸ್‌ಎಸ್‌ಟಿ 2 ಬೇರೆ. ಜಾಲದ ಕಣ್ಣಿಗೆ ಎರಡೂ ಒಂದೇ ಅಲ್ಲ. ಒಂದು ಕಡೆ ಹೆಕ್ಸ್, ಇನ್ನೊಂದು ಕಡೆ ದಶಮಾಂಶ ಬರೆದಿರುವುದೂ ಉಂಟು. ಹೆಕ್ಸ್‌ನ 000100 ಎಂದರೆ ದಶಮಾಂಶದಲ್ಲಿ 256, ನೂರಲ್ಲ. ಸೆಟ್ಟಿಂಗ್ ಪರದೆಯಲ್ಲಿ ಎರಡೂ ‘100’ ಎಂದೇ ಕಾಣುವುದರಿಂದ ಕಣ್ಣು ತಪ್ಪುತ್ತದೆ. ಪರದೆಯನ್ನು ನಂಬದೆ, ಸ್ಟೇಷನ್ ಕೋರ್ ಜತೆ ಸಂಪರ್ಕ ಹೂಡುವಾಗಿನ ಎನ್‌ಜಿ ಸೆಟಪ್ ಸಂದೇಶದಲ್ಲಿ ಹೋಗಿರುವ ಬೈಟ್‌ಗಳನ್ನೇ ಓದಿ.

ಉತ್ತರ 2

ವಾಪಸ್ ಬಂದರೂ ಮರಳುವುದಿಲ್ಲ ಎಂದಿರಲ್ಲ, ನನಗೆ ಮುಖ್ಯವಾಗಿ ಕಾಣುವುದು ಅದೇ. ಕಾರಣ ರಿಜಿಸ್ಟ್ರೇಷನ್ ಏರಿಯಾದಲ್ಲಿ (ಸಾಧನ ಮತ್ತೆ ರಿಜಿಸ್ಟರ್ ಆಗದೆ ಓಡಾಡಬಹುದಾದ ಪ್ರದೇಶ) ಇರುವ ಸಾಧ್ಯತೆ ಹೆಚ್ಚು.

ಗಾಡಿ ಗೋದಾಮಿನಲ್ಲಿ ರಿಜಿಸ್ಟರ್ ಆಗುವಾಗ ಎರಡೂ ಸ್ಲೈಸ್ ಕೇಳುತ್ತದೆ. ಎಎಂಎಫ್ ಮೊದಲನೆಯದನ್ನು ಕೊಟ್ಟು, ಎರಡನೆಯದನ್ನು ‘ಈ ರಿಜಿಸ್ಟ್ರೇಷನ್ ಏರಿಯಾದಲ್ಲಿ ಇಲ್ಲ’ ಎಂದು ನಿರಾಕರಿಸುತ್ತದೆ. ಮೊದಲನೇ ಸ್ಲೈಸ್ ಎರಡೂ ಕಡೆ ಇದೆಯೆಂದು ಏರಿಯಾ ಪಟ್ಟಿಗೆ ಹಾಲ್‌ನ ಟ್ರ್ಯಾಕಿಂಗ್ ಏರಿಯಾವನ್ನೂ (ಸೆಲ್‌ಗಳ ಗುಂಪು) ಸೇರಿಸಿಬಿಟ್ಟರೆ ಕೆಲಸ ಕೆಟ್ಟಿತು. ಗಾಡಿ ಹಾಲ್‌ಗೆ ಬಂದಾಗ ಏರಿಯಾ ಬದಲಾಗಿಲ್ಲ, ಹಾಗಾಗಿ ಹೊಸ ರಿಜಿಸ್ಟ್ರೇಷನ್ ಇಲ್ಲ. ನಿರಾಕರಣೆಯೂ ಹಾಗೇ ಉಳಿಯುತ್ತದೆ. ಸಾಧನ ಎರಡನೇ ಸ್ಲೈಸನ್ನು ಕೇಳುವುದೇ ಇಲ್ಲ.

ಪರಿಹಾರ: ಹಾಲ್‌ಗೂ ಗೋದಾಮಿಗೂ ಬೇರೆ ಬೇರೆ ಟಿಎಸಿ (ಟ್ರ್ಯಾಕಿಂಗ್ ಏರಿಯಾದ ಸಂಕೇತ) ಕೊಡಿ, ಎಎಂಎಫ್ ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಕೊಡದಂತೆ ಮಾಡಿ. ಸ್ಲೈಸ್ ಬೆಂಬಲ ಬೇರೆಯಿರುವ ಸೆಲ್‌ಗಳಿಗೆ ಒಂದೇ ಟಿಎಸಿ ಇಡಲೇಬಾರದು. ಗಡಿಯನ್ನು ಗಾಡಿಗಳು ಸಾಲಾಗಿ ನಿಲ್ಲುವ ಬಾಗಿಲಲ್ಲೂ ಇಡಬೇಡಿ. ನಿಂತಲ್ಲೇ ಅತ್ತಿತ್ತ ಸೆಲ್ ಬದಲಾಗಿ ರಿಜಿಸ್ಟ್ರೇಷನ್ ಸಂದೇಶಗಳ ಸುರಿಮಳೆಯಾಗುತ್ತದೆ.

ಉತ್ತರ 3

ಟಿಎಸಿ ಬೇರೆ ಮಾಡಿದರೆ ವಾಪಸ್ ಬಂದಾಗ ಸರಿಹೋಗುತ್ತದೆ, ಒಪ್ಪುತ್ತೇನೆ. ಆದರೆ ಗೋದಾಮಿನೊಳಗೆ ಗಾಡಿಗೆ ನಿಯಂತ್ರಣ ಬೇಕಲ್ಲ? ಅಲ್ಲಿನ ಸ್ಟೇಷನ್‌ನಲ್ಲೂ ಎರಡನೇ ಸ್ಲೈಸ್ ತೆರೆಯುವುದೇ ಸರಿಯಾದ ದಾರಿ. ಸಂಪನ್ಮೂಲ ಹಾಳಾಗುತ್ತದೆಂಬ ಹೆದರಿಕೆಗೆ ಆರ್‌ಆರ್‌ಎಂ (ರೇಡಿಯೋ ಸಂಪನ್ಮೂಲ ನಿರ್ವಹಣೆ) ಪಾಲಿಸಿಯಲ್ಲೇ ಉತ್ತರವಿದೆ: ಮೀಸಲು 0, ಕನಿಷ್ಠ 10, ಗರಿಷ್ಠ 40 ಶೇಕಡಾದಿಂದ ಶುರುಮಾಡಿ. ಮೀಸಲು ಭಾಗವನ್ನು ಖಾಲಿಯಿದ್ದರೂ ಬೇರೆಯವರು ಮುಟ್ಟುವಂತಿಲ್ಲ. ಕನಿಷ್ಠದಲ್ಲಿ ಮೀಸಲು ಬಿಟ್ಟು ಉಳಿದದ್ದು ಖಾಲಿಯಿದ್ದಾಗ ಕ್ಯಾಮೆರಾಗೆ ಸಿಗುತ್ತದೆ.

ಕೇಳಿದವರು

ಲಾಗ್‌ನಲ್ಲಿ ‘ಸ್ಲೈಸ್ ನಾಟ್ ಸಪೋರ್ಟೆಡ್’ ಎಂದೇ ಇದೆ. ಗೋದಾಮಿನ ಸ್ಟೇಷನ್ ಬದಲಿಸಲು ಸಮಯ ಬೇಕು. ಅಲ್ಲಿಯವರೆಗೆ ನಿಯಂತ್ರಣದ ಸೆಷನ್ನನ್ನು ಮೊದಲನೇ ಸ್ಲೈಸ್‌ಗೆ ಸಾಗಿಸಬಹುದೇ? ಎಸ್‌ಎಸ್‌ಸಿ (ಸೆಷನ್ ಮುಂದುವರಿಕೆಯ ಕ್ರಮ) ಮೋಡ್ 3 ಸಾಕೇ?

ಉತ್ತರ 3

ಸಾಕಾಗುವುದಿಲ್ಲ. ಪಿಡಿಯು ಸೆಷನ್ ಹುಟ್ಟಿದ ಸ್ಲೈಸ್‌ಗೇ ಅಂಟಿಕೊಂಡಿರುತ್ತದೆ. ಮೋಡ್ 3 ಹಳೆಯದನ್ನು ಬಿಡುವ ಮುನ್ನ ಹೊಸ ಸೆಷನ್ ಕಟ್ಟಿಕೊಡುತ್ತದೆ, ನಿಜ. ಆದರೆ ಅದೇ ಸ್ಲೈಸ್, ಅದೇ ಡಿಎನ್‌ಎನ್‌ನಲ್ಲಿ (ಡೇಟಾ ಜಾಲದ ಹೆಸರು). ಸ್ಲೈಸ್ ಬದಲಿಸುವ ವ್ಯವಸ್ಥೆ 5ಜಿ ಮಾನದಂಡದ ರಿಲೀಸ್ 18ರಲ್ಲಿ ಬಂದಿದೆ, ಅದಕ್ಕೆ ಸಾಧನ ಮತ್ತು ಕೋರ್ ಎರಡರ ಬೆಂಬಲವೂ ಬೇಕು.

ತಾತ್ಕಾಲಿಕವಾಗಿ ಯುಆರ್‌ಎಸ್‌ಪಿ ನಿಯಮದಲ್ಲಿ (ಯಾವ ಟ್ರಾಫಿಕ್ ಯಾವ ಸ್ಲೈಸ್‌ಗೆ ಎಂದು ಸಾಧನಕ್ಕೆ ಹೇಳುವ ನಿಯಮ) ನಿಯಂತ್ರಣದ ಟ್ರಾಫಿಕ್‌ಗೆ ಎರಡು ಮಾರ್ಗ ಬರೆಯಿರಿ: ಮೊದಲು ಎಸ್‌ಎಸ್‌ಟಿ 2, ಸಿಗದಿದ್ದರೆ ಎಸ್‌ಎಸ್‌ಟಿ 1. ಚಿಕ್ಕ ಸಂಖ್ಯೆಯ ಮಾರ್ಗಕ್ಕೆ ಆದ್ಯತೆ. ಐಪಿ ವಿಳಾಸ ಬದಲಾಗುತ್ತದೆ, ಹಳೆಯ ಟಿಸಿಪಿ ಸಂಪರ್ಕ ಉಳಿಯುವುದಿಲ್ಲ. ಗಾಡಿಯ ಸಾಫ್ಟ್‌ವೇರ್ ತಾನಾಗಿ ಮರುಸಂಪರ್ಕಿಸಬೇಕು, ಅಲ್ಲಿಯವರೆಗೆ ಗಾಡಿ ಸುರಕ್ಷಿತವಾಗಿ ನಿಲ್ಲಲೇಬೇಕು. ಮೊದಲನೇ ಸ್ಲೈಸ್‌ನಲ್ಲಿ ವಿಳಂಬದ ಖಾತ್ರಿ ಇಲ್ಲದಿದ್ದರೆ ವೇಗವನ್ನೂ ಇಳಿಸಿ. ಮನುಷ್ಯರು ಓಡಾಡುವ ಜಾಗದಲ್ಲಿ ಈ ಎರಡು ಮಾತಿಗೆ ರಿಯಾಯಿತಿ ಬೇಡ.

ಉತ್ತರ 4

ಇದೆಲ್ಲ ಸರಿಯಾದ ಮೇಲೆ ರೇಡಿಯೋಗೆ ಬನ್ನಿ. ಎ3 ಆಫ್‌ಸೆಟ್ (ಪಕ್ಕದ ಸೆಲ್ ಎಷ್ಟು ಪ್ರಬಲವಾದರೆ ದಾಟಬೇಕು ಎಂಬುದು) 3 ಡಿಬಿ, ಹಿಸ್ಟರಿಸಿಸ್ (ಅತ್ತಿತ್ತ ಹೊಯ್ದಾಡದಂತೆ ಇಡುವ ಅಂತರ) 1 ಡಿಬಿ, ಟೈಮ್ ಟು ಟ್ರಿಗರ್ (ಆ ಸ್ಥಿತಿ ಎಷ್ಟು ಹೊತ್ತು ಇರಬೇಕು ಎಂಬುದು) 160 ಮಿಲಿಸೆಕೆಂಡ್ ಆರಂಭಕ್ಕೆ ಸಾಕು. ಸೆಕೆಂಡಿಗೆ 2 ಮೀಟರ್ ಓಡುವ ಗಾಡಿ 160 ಮಿಲಿಸೆಕೆಂಡ್‌ನಲ್ಲಿ 32 ಸೆಂಟಿಮೀಟರ್ ಸಾಗುತ್ತದೆ. 640 ಇಟ್ಟರೆ 1.28 ಮೀಟರ್. ಕಬ್ಬಿಣದ ರ‍್ಯಾಕ್‌ನ ಮೂಲೆ ತಿರುಗಿದಾಗ ಅಷ್ಟರಲ್ಲಿ ಹಳೆಯ ಸೆಲ್ ಮಾಯವಾಗಿರಬಹುದು.

ಒಂದು ಟೈಮರ್ ಮರೆಯಬೇಡಿ. ಎಸ್‌ಎಂಎಫ್ 5ಜಿಎಸ್‌ಎಂ (5ಜಿ ಸೆಷನ್ ನಿರ್ವಹಣೆ) ಕಾರಣ 69, ಅಂದರೆ ಆ ಸ್ಲೈಸ್‌ಗೆ ಸಂಪನ್ಮೂಲ ಸಾಲದು ಎಂದು ತಿರಸ್ಕರಿಸುವಾಗ ಬ್ಯಾಕ್‌ಆಫ್ ಅವಧಿಯನ್ನೂ (ಮತ್ತೆ ಕೇಳದೆ ಕಾಯಬೇಕಾದ ಸಮಯ) ಕೊಡಬಹುದು. ಆ ಅವಧಿಯ ಟೈಮರ್ ಟಿ3585 ಓಡುತ್ತಿರುವಷ್ಟು ಹೊತ್ತು ಸಾಧನ ಆ ಸ್ಲೈಸ್‌ನಲ್ಲಿ ಹೊಸ ಸೆಷನ್ ಕೇಳುವುದಿಲ್ಲ. ಹೊರಗಿನಿಂದ ನೋಡಿದರೆ ಉತ್ತರ 2ರಲ್ಲಿ ಹೇಳಿದ ತೊಂದರೆಯಂತೆಯೇ ಕಾಣುತ್ತದೆ. ನಿರಾಕರಣೆ ರಿಜಿಸ್ಟ್ರೇಷನ್ ಉತ್ತರದಲ್ಲಿ ಬಂತೇ, ಸೆಷನ್ ಉತ್ತರದಲ್ಲಿ ಬಂತೇ ಎಂದು ಲಾಗ್ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಪರೀಕ್ಷೆಯನ್ನು ಎರಡೂ ದಿಕ್ಕಿನಲ್ಲಿ ಮಾಡಿ: ಸೆಷನ್ ಓಡುವಾಗ ದಾಟಿಸಿ, ಐಡಲ್‌ನಲ್ಲಿದ್ದಾಗ ದಾಟಿಸಿ, ಗೋದಾಮಿನಲ್ಲೇ ಸಾಧನವನ್ನು ಹೊಸದಾಗಿ ಆನ್ ಮಾಡಿ ಹಾಲ್‌ಗೆ ತನ್ನಿ. ನಿಮ್ಮ ‘ಕೆಲವು ಸಲ’ ಹೆಚ್ಚಾಗಿ ಆ ಮೂರನೆಯದರಲ್ಲಿ ಸಿಕ್ಕಿಬೀಳುತ್ತದೆ.