ಮಣಿಪಾಲದಿಂದ ದಿನಪತ್ರಿಕೆ ಹೊರಟದ್ದು ಹೇಗೆ? ಮಂಗಳೂರಿನಿಂದ ಏಕೆ ಹೊರಡಲಿಲ್ಲ?

ಪ್ರಶ್ನೆ: ಕಡಲತಡಿಯ ಓದುಗ

ಎಲ್ಲರಿಗೂ ನಮಸ್ಕಾರ. ಕರಾವಳಿಯ ಪತ್ರಿಕೆಗಳನ್ನು ಕುರಿತು ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಟಿ. ಮೋಹನದಾಸ ಪೈ ಮತ್ತು ಟಿ. ಸತೀಶ್ ಯು. ಪೈ ಅವರು 1970ರ ಜನವರಿಯಲ್ಲಿ ಮಣಿಪಾಲದಿಂದ 'ಉದಯವಾಣಿ'ಯನ್ನು ಆರಂಭಿಸಿದರೆಂಬುದು ಇಲ್ಲಿ ಎಲ್ಲರಿಗೂ ತಿಳಿದ ಸಂಗತಿಯೇ. ನನ್ನನ್ನು ಕಾಡುತ್ತಿರುವುದು ಊರಿನ ಪ್ರಶ್ನೆ. ಆಗ ಅವಿಭಜಿತ ದಕ್ಷಿಣ ಕನ್ನಡದ ಕಲೆಕ್ಟರ ಕಚೇರಿ, ಜಿಲ್ಲಾ ನ್ಯಾಯಾಲಯ, ಬಂದರು, ಹಳೆಯ ಕಾಲೇಜುಗಳು, ಸಗಟು ವ್ಯಾಪಾರ ಎಲ್ಲವೂ ಮಂಗಳೂರಿನಲ್ಲಿದ್ದವು. ಮಣಿಪಾಲವಾದರೋ ಉಡುಪಿಯ ಪಕ್ಕದ ಬೋಳು ಗುಡ್ಡವಾಗಿದ್ದು, 1953ರಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲಷ್ಟೇ ಪೇಟೆಯ ರೂಪ ಪಡೆಯಿತು. ಸುದ್ದಿಯೂ ಜಾಹೀರಾತೂ ಹೆಚ್ಚಾಗಿ ಹುಟ್ಟುವ ನಗರವನ್ನು ಬಿಟ್ಟು, ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಗುಡ್ಡದ ಮೇಲೆ ದಿನಪತ್ರಿಕೆ ನಡೆಸುವುದು ಹೇಗೆ ಸಾಧ್ಯವಾಯಿತು? 'ಹಣವಂತರ ಊರು, ಆದ್ದರಿಂದ ಆಯಿತು' ಎಂಬ ಉತ್ತರವನ್ನು ಹಲವರು ಕೊಟ್ಟಿದ್ದಾರೆ, ಆದರೆ ಅದರಿಂದ ನನಗೆ ಸಮಾಧಾನವಾಗಿಲ್ಲ.

ಉತ್ತರ: ಅಚ್ಚುಮೊಳೆ

ಪತ್ರಿಕೆ ಸುದ್ದಿ ಇರುವಲ್ಲಿ ಹುಟ್ಟುತ್ತದೆ ಎಂದು ನಾವು ಭಾವಿಸುತ್ತೇವೆ. ನಮ್ಮ ಕರಾವಳಿಯ ಇತಿಹಾಸವನ್ನು ನೋಡಿದರೆ ಅದು ಮುದ್ರಣಾಲಯ ಇರುವಲ್ಲಿ ಹುಟ್ಟಿದೆ ಎನ್ನುವುದೇ ಸರಿ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು, ಮತ್ತು ಆ ದಿನವನ್ನೇ ನಾವು ಇಂದು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆದರೆ ಆ ಪಾಕ್ಷಿಕ ಮಂಗಳೂರಿನಲ್ಲಿ ಒಂದು ವರ್ಷವನ್ನೂ ಪೂರೈಸಲಿಲ್ಲ. ಮೊಳೆ ಜೋಡಿಸಿ ಅಚ್ಚು ಹಾಕುವ ಅನುಕೂಲ ಬಳ್ಳಾರಿಯಲ್ಲಿ ಇದ್ದುದರಿಂದ 1844ರಲ್ಲಿ ಅದು ಅಲ್ಲಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಹೆಸರಿನಲ್ಲೇ ಊರನ್ನು ಹೊತ್ತಿದ್ದ ಪತ್ರಿಕೆಯೂ ಅಚ್ಚುಕೂಟಕ್ಕಾಗಿ ಊರು ಬಿಟ್ಟಿತೆಂಬುದನ್ನು ತಮ್ಮ ಲೇಖನದಲ್ಲಿ ಖಂಡಿತವಾಗಿ ಸೇರಿಸಿ.

ಮಣಿಪಾಲದ ಸಂಗತಿಯೂ ಇದೇ ಜಾಡಿನದು. 'ಮಣಿಪಾಲ ಪವರ್ ಪ್ರೆಸ್' 1941ರಷ್ಟು ಹಿಂದೆಯೇ ಸ್ಥಾಪನೆಯಾಗಿತ್ತು. ಪೈ ಮನೆತನದವರು ಕಟ್ಟಿ ಬೆಳೆಸಿದ ಸಿಂಡಿಕೇಟ್ ಬ್ಯಾಂಕಿನ ಮುಖ್ಯ ಕಚೇರಿಯೂ ಸಾಲುಸಾಲು ಶಿಕ್ಷಣ ಸಂಸ್ಥೆಗಳೂ ಅದೇ ಊರಿನಲ್ಲಿದ್ದವು. ಬ್ಯಾಂಕೆಂದರೆ ಲೆಡ್ಜರು, ರಸೀದಿ, ಚೆಕ್ಕು. ಕಾಲೇಜೆಂದರೆ ಪಠ್ಯ, ಅರ್ಜಿ, ಪ್ರಶ್ನೆಪತ್ರಿಕೆ. ಇಷ್ಟೆಲ್ಲ ಮುದ್ರಣದ ಕೆಲಸ ಇರುವ ಊರಿನಲ್ಲಿ ಯಂತ್ರ ರಿಪೇರಿ ಮಾಡುವವರು, ಮೊಳೆ ಜೋಡಿಸುವವರು, ಕರಡು ತಿದ್ದುವವರು ತಾವಾಗಿಯೇ ಬೆಳೆಯುತ್ತಾರೆ. ದಿನಪತ್ರಿಕೆಗೆ ಬೇಕಾದದ್ದು ಮೊದಲು ಆ ಜನ. ಉದಯವಾಣಿಯ ಪುಟಗಳ ಅಚ್ಚುಕಟ್ಟಿಗೆ ಬಂದ ಹೆಸರಿನ ಮೂಲವೂ ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಸಿಂಡಿಕೇಟ್ ಬ್ಯಾಂಕು ರಾಷ್ಟ್ರೀಕರಣಗೊಂಡದ್ದು 1969ರ ಜುಲೈ 19ರಂದು. ಪತ್ರಿಕೆ ಬಂದದ್ದು ಆರು ತಿಂಗಳು ತುಂಬುವುದಕ್ಕೂ ಮುನ್ನ. ಒಂದರಿಂದ ಇನ್ನೊಂದು ಆಯಿತೆಂದು ನಾನು ಹೇಳುವುದಿಲ್ಲ, ಆದರೆ ಆ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಡದೆ ಆ ಕಾಲದ ಮಣಿಪಾಲವನ್ನು ಬರೆಯುವುದು ಅಪೂರ್ಣವಾದೀತು.

ಉತ್ತರ: ಘಟ್ಟದ ಕೆಳಗಿನವ

ಅಚ್ಚುಮೊಳೆಯವರು ಹೇಳಿದ್ದು ಸರಿಯೇ. ಆದರೆ ಮುದ್ರಣಾಲಯವೊಂದೇ ಸಾಕಾಗಿದ್ದರೆ ಮಂಗಳೂರಿಗೂ ಅದರ ಕೊರತೆ ಇರಲಿಲ್ಲ. ಅಲ್ಲಿ ವಿ. ಎಸ್. ಕುಡ್ವ ಅವರು 1941ರಲ್ಲಿಯೇ 'ನವಭಾರತ' ದಿನಪತ್ರಿಕೆಯನ್ನು ಆರಂಭಿಸಿದ್ದರು. ಆಗ ಜಿಲ್ಲೆ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸಿಗೆ ನಾವು ದೂರದ ಮೂಲೆ, 1956ರ ನಂತರ ಬೆಂಗಳೂರಿಗೂ ದೂರದ ಮೂಲೆಯೇ ಆದೆವು. 'ಪ್ರಜಾವಾಣಿ'ಯಂತಹ ಪತ್ರಿಕೆ ಬೆಂಗಳೂರಿನಲ್ಲಿ ರಾತ್ರಿ ಅಚ್ಚಾಗಿ, ಸುಮಾರು 400 ಕಿಲೋಮೀಟರ್ ದಾರಿಯಲ್ಲಿ ಘಟ್ಟ ಇಳಿದು ಉಡುಪಿ, ಕುಂದಾಪುರಗಳ ಓದುಗರ ಕೈ ಸೇರುವಷ್ಟರಲ್ಲಿ ಹೊತ್ತು ಚೆನ್ನಾಗಿ ಏರಿರುತ್ತಿತ್ತು. ಮಳೆಗಾಲದಲ್ಲಿ ಘಟ್ಟದ ದಾರಿ ಕೈಕೊಟ್ಟರಂತೂ ಹೇಳುವುದೇ ಬೇಡ. ಮಂಗಳೂರಿಗೂ ಹಾಸನಕ್ಕೂ ರೈಲು ಬಂದದ್ದು 1979ರಲ್ಲಿ, ಕೊಂಕಣ ರೈಲು ಪೂರ್ಣವಾದದ್ದು 1998ರಲ್ಲಿ. ಬೆಳಗಿನ ಕಾಫಿಯ ಹೊತ್ತಿಗೆ ಆ ದಿನದ ಪತ್ರಿಕೆ ಸಿಗುತ್ತದೆ ಎಂಬುದೇ 1970ರಲ್ಲಿ ಇಲ್ಲಿಯವರಿಗೆ ಹೊಸ ಅನುಭವವಾಗಿತ್ತು.

ಈ ದೃಷ್ಟಿಯಿಂದ ನೋಡಿದರೆ ಮಣಿಪಾಲದ ಸ್ಥಳವೂ ದೋಷವಾಗಿ ಕಾಣುವುದಿಲ್ಲ. ಆಗಿನ ಜಿಲ್ಲೆಯ ಎಂಟು ತಾಲ್ಲೂಕುಗಳ ಪೈಕಿ ಉಡುಪಿ, ಕಾರ್ಕಳ, ಕುಂದಾಪುರಗಳು ಅದರ ಅಂಗಳದಲ್ಲೇ ಇದ್ದವು. ಪತ್ರಿಕೆಯ ಕಟ್ಟುಗಳನ್ನು ಒಯ್ಯಲು ಹಳ್ಳಿಹಳ್ಳಿಗೂ ಓಡುವ ಖಾಸಗಿ ಬಸ್ಸುಗಳಿದ್ದವು. ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಕೆಲವು ವರ್ಷ ಬಿಡಿ ವರದಿಗಾರನಾಗಿದ್ದೆ; ಯಾವ ಪತ್ರಿಕೆಗೆಂಬುದು ಇಲ್ಲಿ ಮುಖ್ಯವಲ್ಲ. ಸಂಜೆಯೊಳಗೆ ವರದಿ ಬರೆದು, ಲಕೋಟೆಯನ್ನು ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರೆ ಕಚೇರಿಯ ಹುಡುಗ ಬಸ್‌ನಿಲ್ದಾಣದಲ್ಲಿ ಕಾದು ತೆಗೆದುಕೊಳ್ಳುತ್ತಿದ್ದ. ಫೋನು ಟ್ರಂಕ್ ಕಾಲ್ ಆಗಿದ್ದ ಕಾಲದಲ್ಲಿ ಹಳ್ಳಿಯ ಸುದ್ದಿ ಮರುದಿನವೇ ಅಚ್ಚಾಗುತ್ತಿದ್ದ ಗುಟ್ಟು ಇಷ್ಟೇ.

ಇನ್ನು ಓದುಗರ ವಿಷಯ. 1974ರ ಭೂಸುಧಾರಣಾ ತಿದ್ದುಪಡಿ ರಾಜ್ಯದಲ್ಲಿ ಹೆಚ್ಚು ಪರಿಣಾಮಕಾರಿಯಾಗಿ ಜಾರಿಯಾದ ಕಡೆಗಳಲ್ಲಿ ನಮ್ಮ ಜಿಲ್ಲೆಯೂ ಒಂದು. ಗೇಣಿದಾರರಾಗಿದ್ದ ಸಾವಿರಾರು ಕುಟುಂಬಗಳು ಭೂಮಾಲೀಕರಾದವು, ಅವರ ಮಕ್ಕಳು ಶಾಲೆ ಮುಗಿಸಿ ಬ್ಯಾಂಕಿಗೋ ಮುಂಬಯಿಗೋ ಹೋದರು. ಪತ್ರಿಕೆ ಕೊಂಡು ಓದುವ ಮನೆಗಳು ಹೆಚ್ಚಿದ ಅವಧಿಯೂ ಪತ್ರಿಕೆ ಬೆಳೆದ ಅವಧಿಯೂ ಒಂದೇ ಆಗಿರುವುದನ್ನು ತಾವು ಗಮನಿಸಬೇಕು.

ಉತ್ತರ: ಪತ್ತನಾಜೆ

ಮೇಲಿನ ಇಬ್ಬರೂ ಯಂತ್ರ ಮತ್ತು ದಾರಿಗಳನ್ನು ಕುರಿತು ಬರೆದಿದ್ದಾರೆ. ಪತ್ರಿಕೆಯೊಳಗೆ ಏನಿತ್ತು ಎಂಬುದನ್ನೂ ಹೇಳಬೇಕಲ್ಲವೇ? ದೀಪಾವಳಿಯ ಆಸುಪಾಸಿನಿಂದ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯವರೆಗೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ. ಕಟೀಲು ಮೇಳದ ಆಟ ಇಂದು ಎಲ್ಲಿ, ಮಂದಾರ್ತಿ ಮೇಳದ್ದು ಎಲ್ಲಿ, ಧರ್ಮಸ್ಥಳದ್ದು ಎಲ್ಲಿ ಎಂಬ ಸಣ್ಣ ಅಕ್ಷರದ ಪಟ್ಟಿಯನ್ನು ಮೊದಲು ನೋಡಿ ಆಮೇಲೆ ಮುಖಪುಟಕ್ಕೆ ಬರುವ ಓದುಗರು ನಮ್ಮಲ್ಲಿ ಕಡಿಮೆ ಇಲ್ಲ. ಅದರ ಜೊತೆಗೆ ಕಂಬಳದ ದಿನಾಂಕ, ಬ್ರಹ್ಮಕಲಶದ ಆಮಂತ್ರಣ, ನೇಮದ ಪ್ರಕಟಣೆ, ಊರಿನ ಶಾಲೆಯ ವಾರ್ಷಿಕೋತ್ಸವ, ಮತ್ತು ಶ್ರದ್ಧಾಂಜಲಿಯ ಭಾವಚಿತ್ರಗಳು. ರಾಜಧಾನಿಯ ಸಂಪಾದಕರಿಗೆ ಇವು ಸುದ್ದಿಯೇ ಅಲ್ಲದಿರಬಹುದು. ಆದರೆ ಮುಂಬಯಿಯ ಹೋಟೆಲಿನಲ್ಲಿ ಕೆಲಸ ಮಾಡುವ ಕಾಪುವಿನ ಯುವಕನಿಗೂ, ರಾಜ್ಯ ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗನಿಗೂ ಊರಿನೊಂದಿಗಿನ ನಿತ್ಯಸಂಬಂಧ ಉಳಿದದ್ದು ಇವುಗಳಿಂದಲೇ. ಮುಂದೆ ಪತ್ರಿಕೆ ಮುಂಬಯಿ ಆವೃತ್ತಿಯನ್ನು ತಂದದ್ದರ ಹಿಂದೆ ಈ ಓದುಗವರ್ಗವೇ ಇದೆ.

ಹೀಗೆಂದು ಉತ್ಸವಗಳ ಪತ್ರಿಕೆಯಷ್ಟೇ ಆಗಿತ್ತೆಂದು ತಿಳಿಯಬಾರದು. ರಸ್ತೆ, ಶಾಲೆ, ವಿದ್ಯುತ್ತು ಕಾಣದ ಹಳ್ಳಿಗಳನ್ನು ಓದುಗರ ನೆರವಿನಿಂದ ಹುಡುಕಿ ಬೆಳಕಿಗೆ ತಂದ 'ಕುಗ್ರಾಮ' ಅಭಿಯಾನ ಹಿರಿಯರಿಗೆ ಇಂದಿಗೂ ನೆನಪಿದೆ. ಜಿಲ್ಲೆಯಲ್ಲಿ ಇಂತಹ ಹಳ್ಳಿಗಳೂ ಇವೆಯೇ ಎಂದು ಪೇಟೆಯವರು ಬೆರಗಾಗುವಂತೆ ಮಾಡಿದ್ದು ಅದರ ಹೆಚ್ಚುಗಾರಿಕೆ.

ಉತ್ತರ: ಷೇರುದಾರನ ಮಗ

ಬಂಡವಾಳದ ಪ್ರಶ್ನೆಯನ್ನು ಎಲ್ಲರೂ ನಯವಾಗಿ ದಾಟಿದ್ದೀರಿ. ಹಣವೊಂದೇ ಕಾರಣವಲ್ಲ, ಒಪ್ಪುತ್ತೇನೆ. ಆದರೆ ಹಣವಿಲ್ಲದೆ ಏನಾಗುತ್ತದೆ ಎಂಬುದಕ್ಕೆ ಅದೇ ಕರಾವಳಿಯಲ್ಲಿ ನಿದರ್ಶನವಿದೆ. 'ಪ್ರಜಾವಾಣಿ'ಯಲ್ಲಿದ್ದ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ 'ಮುಂಗಾರು' ದಿನಪತ್ರಿಕೆಯನ್ನು ಆರಂಭಿಸಿದರು. ಒಬ್ಬ ಧಣಿಯ ಹಣ ಬೇಡ, ಓದುಗರೇ ಷೇರು ಕೊಂಡು ಪತ್ರಿಕೆಯ ಒಡೆಯರಾಗಲಿ ಎಂಬುದು ಅವರ ಸಂಕಲ್ಪ. ದಲಿತರು, ಹಿಂದುಳಿದವರು, ರೈತರು ಸುದ್ದಿಯ ಕೇಂದ್ರಕ್ಕೆ ಬಂದ ಆ ಪತ್ರಿಕೆಯಿಂದ ಪಳಗಿ ಬಂದ ಪತ್ರಕರ್ತರು ನಂತರ ಇಡೀ ರಾಜ್ಯದ ಪತ್ರಿಕೋದ್ಯಮದಲ್ಲಿ ಹೆಸರು ಮಾಡಿದರು. ಸುದ್ದಿಯಲ್ಲಿ, ಭಾಷೆಯಲ್ಲಿ ಅದು ಯಾರಿಗೂ ಕಡಿಮೆ ಇರಲಿಲ್ಲ. ಆದರೂ ಒಂದು ದಶಕದ ಆಚೀಚೆ ಅದು ನಿಂತುಹೋಯಿತು. ಕಾಗದದ ವ್ಯಾಪಾರಿಗೆ ಮುಂಗಡ ಕೊಡಬೇಕು, ಏಜೆಂಟರಿಂದ ಹಣ ಬರುವುದು ತಿಂಗಳ ಮೇಲೆ, ಜಾಹೀರಾತಿನ ಬಾಕಿ ಅದಕ್ಕೂ ತಡ. ಈ ನಡುವಿನ ಅವಧಿಯನ್ನು ದಾಟಿಸುವ ಶಕ್ತಿ ಸಣ್ಣ ಷೇರುಗಳಿಗೆ ಇರಲಿಲ್ಲ. ಮಣಿಪಾಲದ ಪತ್ರಿಕೆಗೆ ಅಚ್ಚುಕೂಟವೂ ಬ್ಯಾಂಕಿನ ಶಿಸ್ತೂ ಮನೆತನದ ಬಂಡವಾಳವೂ ಬೆನ್ನಿಗಿದ್ದವು. ತಾವು ಎರಡನ್ನೂ ಒಟ್ಟಿಗೆ ಬರೆದರೆ ಮಾತ್ರ ಲೇಖನ ನ್ಯಾಯವಾಗುತ್ತದೆ.

ಪ್ರಶ್ನೆ ಕೇಳಿದವರಿಂದ: ಕಡಲತಡಿಯ ಓದುಗ

ಎಲ್ಲರಿಗೂ ಕೃತಜ್ಞತೆಗಳು. 'ಮುಂಗಾರು'ವನ್ನು ಪ್ರತ್ಯೇಕ ಅಧ್ಯಾಯ ಮಾಡಬೇಕೆಂದಿದ್ದೆ, ಈಗ ಉದಯವಾಣಿಯ ಅಧ್ಯಾಯದೊಳಗೇ ಅದನ್ನು ತರುತ್ತೇನೆ. ಇನ್ನೊಂದು ಸಂದೇಹ ಉಳಿದಿದೆ. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು ಪತ್ರಿಕೆಗಳ ಸ್ವರೂಪವನ್ನು ಬದಲಿಸಿತೇ?

ಉತ್ತರ: ಘಟ್ಟದ ಕೆಳಗಿನವ

ಬದಲಿಸಿತು, ಆದರೆ ಜಿಲ್ಲೆಯ ವಿಭಜನೆಗಿಂತ ಹೆಚ್ಚಾಗಿ ಆವೃತ್ತಿಗಳ ವಿಭಜನೆಯಿಂದ. ಮೊದಲು ಸುಳ್ಯದ ಅಡಿಕೆ ರೋಗದ ವರದಿಯನ್ನು ಬೈಂದೂರಿನವರೂ ಓದುತ್ತಿದ್ದರು, ಏಕೆಂದರೆ ಪುಟ ಒಂದೇ ಆಗಿತ್ತು. ಈಗ ಪ್ರತಿಯೊಂದು ಪ್ರದೇಶಕ್ಕೂ ಬೇರೆ ಬೇರೆ ಪುಟಗಳು ಇರುವುದರಿಂದ ಪುತ್ತೂರಿನ ಸಭೆ ಕುಂದಾಪುರಕ್ಕೆ ತಿಳಿಯುವುದಿಲ್ಲ. ತಮ್ಮ ಊರಿನ ಸುದ್ದಿ ಹೆಚ್ಚು ಸಿಗುತ್ತಿದೆ ಎಂದು ಓದುಗರು ಮೆಚ್ಚಿದ್ದಾರೆ, ಏಜೆಂಟರಿಗೂ ಲಾಭವಾಗಿದೆ. ಹಳೆಯ ಸಂಚಿಕೆಗಳನ್ನು ನೋಡುವಾಗ ತಾವು ಯಾವ ಆವೃತ್ತಿಯನ್ನು ನೋಡುತ್ತಿದ್ದೀರಿ ಎಂಬುದನ್ನು ಪ್ರತಿಸಲವೂ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ತಾಲ್ಲೂಕಿನ ಪುಟವನ್ನು ಇಡೀ ಕರಾವಳಿಯ ಪತ್ರಿಕೆಯೆಂದು ಭಾವಿಸಿ ನಿರ್ಣಯಕ್ಕೆ ಬರುವ ಅಪಾಯವಿದೆ.